ಸೂಜಿ ಮಾಡಿದ ಮೇಲೆ ಶುರುವಾಗುವ ಕೆಲಸ

ರಾಯಚೂರು ಸೀಮೆಯಲ್ಲಿ ರೋಗಿಯ ಮನೆಯವರು ಆಸ್ಪತ್ರೆಗೆ ಬಂದ ಕೂಡಲೇ ಕೇಳುವ ಮಾತು ಎರಡು: ‘ಸೂಜಿ ಮಾಡ್ರಿ’, ‘ಸಲಾಯನ್ ಹಚ್ಚ್ರಿ’. ಅವೆರಡೂ ಆದರೆ ಉಪಚಾರ ಆಯಿತೆಂಬ ಸಮಾಧಾನ ಅವರಿಗೆ. ಮನೆಯವರು ಹಾಗೆ ನಂಬುವುದು ಸಹಜ. ಆದರೆ ಮದ್ದಿನ ಟ್ರೇ ಹಿಡಿದು ಮೊದಲ ಸಲ ವಾರ್ಡಿಗೆ ಕಾಲಿಡುವ ನರ್ಸಿಂಗ್ ವಿದ್ಯಾರ್ಥಿಯೂ ಅದನ್ನೇ ನಂಬಿದರೆ ಅಪಾಯ. ಔಷಧಿ ದೇಹದೊಳಗೆ ಹೋದ ಮೇಲೆ ಏನು ಮಾಡುತ್ತಿದೆ ಎಂದು ನೋಡುತ್ತ ಕೂರುವುದು ಪುರುಸೊತ್ತಿದ್ದಾಗ ಮಾಡುವ ಹೆಚ್ಚುವರಿ ಕೆಲಸವಲ್ಲ, ಅದು ಚಿಕಿತ್ಸೆಯ ಅರ್ಧ ಭಾಗ. ಇದನ್ನು ಕಲಿಯಲು ರಾಯಚೂರಿಗಿಂತ ಬೇರೆ ಊರು ಹುಡುಕಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲೂ ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದಲ್ಲೂ ಭತ್ತ, ಹತ್ತಿಯ ಹೊಲಗಳಿವೆ. ಹೊಲದಲ್ಲಿ ಹಾವಿದೆ, ಬೆಳೆಗೆ ಹೊಡೆಯುವ ವಿಷವಿದೆ. ಹಳ್ಳಿಯಿಂದ ಹೆರಿಗೆಗೆ ಬರುವ ಬಸುರಿಯರಿದ್ದಾರೆ. ಈ ಮೂರೂ ಕಡೆ ಜೀವ ಉಳಿಸುವ ಔಷಧಿಗಳಿವೆ, ಮತ್ತು ಆ ಮೂರೂ ಔಷಧಿಗಳು ಕಾಯುವ ಕಣ್ಣಿಲ್ಲದಿದ್ದರೆ ಅಪಾಯಕಾರಿ.

ತಪ್ಪು ಕಲ್ಪನೆ 1: ‘ಐದು ಸರಿ ನೋಡಿದ್ರ ಸಾಕು, ತಪ್ಪಾಗೂದಿಲ್ಲ’

ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು. ಈ ಐದನ್ನು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸುತ್ತಾರೆ, ಮಾಡಿಸಲೇಬೇಕು. ಆದರೆ ಐದೂ ಸರಿಯಿದ್ದೂ ರೋಗಿ ಸಾಯಬಹುದು. ಬಸುರಿಯರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾಕ್ಕೆ ಕೊಡುವ ಮೆಗ್ನೀಸಿಯಂ ಸಲ್ಫೇಟನ್ನೇ ನೋಡಿ. ಪ್ರಿಚರ್ಡ್ ಕ್ರಮದಲ್ಲಿ ಮೊದಲು ರಕ್ತನಾಳದ ಮೂಲಕ ನಿಧಾನವಾಗಿ 4 ಗ್ರಾಂ, ಜೊತೆಗೆ ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ 10 ಗ್ರಾಂ. ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಎರಡನೆಯ ಡೋಸಿನ ಹೊತ್ತಿಗೆ ರೋಗಿ ಅವಳೇ, ಔಷಧಿ ಅದೇ, ಪ್ರಮಾಣ, ಮಾರ್ಗ, ಹೊತ್ತು ಎಲ್ಲವೂ ಚಾರ್ಟಿನಲ್ಲಿ ಬರೆದಂತೆಯೇ ಇವೆ. ಆದರೆ ಮೆಗ್ನೀಸಿಯಂ ದೇಹದಿಂದ ಹೊರಗೆ ಹೋಗುವುದು ಮೂತ್ರಪಿಂಡದ ದಾರಿಯಿಂದ ಮಾತ್ರ. ಈ ಕಾಯಿಲೆ ಮೂತ್ರಪಿಂಡವನ್ನೂ ಹಿಡಿಯುತ್ತದೆ. ಮೂತ್ರ ಕಡಿಮೆಯಾದವಳಿಗೆ ಅದೇ ‘ಸರಿಯಾದ’ ಡೋಸು ಹಿಂದಿನದರ ಮೇಲೆ ಪೇರಿಸಿಕೊಳ್ಳುತ್ತದೆ, ಕೊನೆಗೆ ಉಸಿರು ನಿಲ್ಲಿಸುತ್ತದೆ.

ಹಾಗಾಗಿ ಪ್ರತಿ ಡೋಸಿಗೂ ಮುಂಚೆ ಮೂರು ಪರೀಕ್ಷೆ: ಮೊಣಕಾಲಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತಿದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬರುತ್ತಿದೆಯೇ. ವಿಷ ಏರುವಾಗ ಮೊದಲು ಹೋಗುವುದು ಕಾಲಿನ ಜಿಗಿತ, ಉಸಿರು ಕುಗ್ಗುವುದು ಅದರ ನಂತರ. ಅಂದರೆ ದೇಹ ಮುನ್ಸೂಚನೆ ಕೊಟ್ಟೇ ಕೊಡುತ್ತದೆ, ಅದನ್ನು ಕೇಳಲು ಒಬ್ಬರು ಅಲ್ಲಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಡೋಸು ತಡೆದು ಡಾಕ್ಟರಿಗೆ ತಿಳಿಸಬೇಕು. ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲುಕೋನೇಟ್, ಶೇ 10ರ 10 ಮಿ.ಲೀ., ಬೀರುವಿನಲ್ಲಿ ಬೀಗ ಹಾಕಿ ಇಡುವ ವಸ್ತುವಲ್ಲ, ಅದೇ ಟ್ರೇಯಲ್ಲಿರಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸು ಪಡೆದು ಆಂಬುಲೆನ್ಸಿನಲ್ಲಿ ರಾಯಚೂರಿನ ಹಾದಿ ಹಿಡಿದವಳ ಉಸಿರನ್ನು ಹಾದಿಯುದ್ದಕ್ಕೂ ಎಣಿಸಬೇಕು. ಕೊಟ್ಟ ಪ್ರಮಾಣ, ಕೊಟ್ಟ ಹೊತ್ತು ಚೀಟಿಯಲ್ಲಿ ಬರೆದು ಕಳಿಸಬೇಕು. ಆ ಚೀಟಿ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಅದೇ ಡೋಸು ಇನ್ನೊಮ್ಮೆ ಬೀಳಬಹುದು.

ತಪ್ಪು ಕಲ್ಪನೆ 2: ‘ಹಾವಿನ ಮದ್ದಿಗೆ ಟೆಸ್ಟ್ ಡೋಸ್ ಕೊಟ್ಟು ನೋಡ್ರಿ, ಸಣ್ಣ ಹುಡುಗರಿಗೆ ಅರ್ಧ ಸಾಕು’

ಎರಡೂ ಮಾತು ಕೇಳಲು ಜಾಗರೂಕತೆಯ ಮಾತಿನಂತೆಯೇ ಇವೆ, ಎರಡೂ ತಪ್ಪು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ನಮ್ಮಲ್ಲಿ ಸಿಗುವುದು ಕುದುರೆಯ ರಕ್ತದಿಂದ ತಯಾರಾದ ಒಂದೇ ಪ್ರತಿವಿಷ. ಬೇರೆ ಪ್ರಾಣಿಯ ಪ್ರೋಟೀನು ಮೈಗೆ ಸೇರಿದಾಗ ಕೆಲವರಿಗೆ ಅಲರ್ಜಿ ಎದ್ದು ರಕ್ತದೊತ್ತಡ ಕುಸಿಯಬಹುದು. ಯಾರಿಗೆ ಹಾಗಾಗುತ್ತದೆಂದು ಚರ್ಮದ ಟೆಸ್ಟ್ ಡೋಸು ಮುಂಚಿತವಾಗಿ ಹೇಳಲಾರದು. ಟೆಸ್ಟಿನಲ್ಲಿ ಏನೂ ಆಗದವರಿಗೂ ಆಮೇಲೆ ಆಗುತ್ತದೆ, ಟೆಸ್ಟಿಗೆ ಕಳೆದ ಹೊತ್ತಿನಲ್ಲಿ ವಿಷ ಮುಂದುವರಿಯುತ್ತದೆ. ಆದ್ದರಿಂದಲೇ ಭಾರತದ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ ಟೆಸ್ಟ್ ಡೋಸು ಬೇಡವೆನ್ನುತ್ತದೆ. ಇನ್ನು ಮಕ್ಕಳ ವಿಷಯ. ಬೇರೆ ಔಷಧಿಗಳಿಗೆ ಮಗುವಿನ ತೂಕ ನೋಡುತ್ತೇವೆ, ಏಕೆಂದರೆ ಅವು ಮಗುವಿನ ದೇಹದ ಮೇಲೆ ಕೆಲಸ ಮಾಡುತ್ತವೆ. ಇದು ಕೆಲಸ ಮಾಡುವುದು ವಿಷದ ಮೇಲೆ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ವಿಷ ಏರಿದ ಲಕ್ಷಣ ಕಂಡರೆ ದೊಡ್ಡವರಿಗೂ ಮಗುವಿಗೂ ಬಸುರಿಗೂ ಶುರುವಿಗೆ 10 ಬಾಟಲಿ. ಮಗುವಿನಲ್ಲಿ ತೂಕ ನೋಡಿ ಕಡಿಮೆ ಮಾಡಬೇಕಾದದ್ದು ಅದನ್ನು ಬೆರೆಸುವ ಸಲಾಯನ್ನಿನ ಪ್ರಮಾಣವನ್ನು. ಹಾಗೆಂದು ಹಾವು ಕಚ್ಚಿತೆಂದು ಬಂದವರಿಗೆಲ್ಲ ಮುಂಜಾಗ್ರತೆಗೆಂದು ಕೊಡುವುದೂ ಸಲ್ಲದು. ಎಷ್ಟೋ ಕಚ್ಚುಗಳಲ್ಲಿ ವಿಷವೇ ಇಳಿದಿರುವುದಿಲ್ಲ.

ಟೆಸ್ಟ್ ಡೋಸು ಇಲ್ಲದಿದ್ದರೆ ರಕ್ಷಣೆ ಎಲ್ಲಿದೆ? ಮಂಚದ ಪಕ್ಕದಲ್ಲಿದೆ. ಅಡ್ರಿನಲಿನ್ ಸಿರಿಂಜಿಗೆ ಎಳೆದು ಕೈಗೆಟಕುವಂತೆ ಇಟ್ಟುಕೊಂಡೇ ಡ್ರಿಪ್ ಶುರು ಮಾಡಬೇಕು. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ನಾಡಿ, ರಕ್ತದೊತ್ತಡ, ಉಸಿರು ನೋಡಬೇಕು. ಮೈಮೇಲೆ ದದ್ದು, ತುರಿಕೆ, ಚಳಿ, ವಾಂತಿ, ಉಬ್ಬಸ, ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. ಇಂಥ ಹೊತ್ತಿನಲ್ಲಿ ದೊಡ್ಡವರಿಗೆ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ 0.5 ಮಿ.ಗ್ರಾಂ. ಸುಧಾರಿಸಿದ ಮೇಲೆ ಪ್ರತಿವಿಷವನ್ನು ನಿಧಾನವಾಗಿ ಮತ್ತೆ ಶುರು ಮಾಡುತ್ತಾರೆ. ಮಂಡಲದ ಹಾವುಗಳ ಕಡಿತದಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಯೂ ಹೆಚ್ಚಾಗಿ ನರ್ಸಿನ ಕೈಯಲ್ಲೇ ನಡೆಯುತ್ತದೆ. ಒಣಗಿದ, ಹೊಸ ಗಾಜಿನ ಕೊಳವೆಯೇ ಬೇಕು. ಪ್ಲಾಸ್ಟಿಕ್ಕಿನಲ್ಲೋ ಸೋಪಿನ ಪುಡಿಯಿಂದ ತೊಳೆದ ಗಾಜಿನಲ್ಲೋ ಮಾಡಿದರೆ ಫಲಿತಾಂಶ ಸುಳ್ಳಾಗುತ್ತದೆ. 20 ನಿಮಿಷ ಅಲ್ಲಾಡಿಸದೆ ಇಟ್ಟು ಒಂದೇ ಸಲ ಓರೆ ಮಾಡಿ ನೋಡಬೇಕು. ಮುಂದಿನ ಹತ್ತು ಬಾಟಲಿ ಬೇಕೋ ಬೇಡವೋ ಎಂಬ ತೀರ್ಮಾನ ಆರು ಗಂಟೆಗೊಮ್ಮೆ ಮಾಡುವ ಆ ಗಾಜಿನ ಕೊಳವೆಯ ಮೇಲೆ ನಿಂತಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಆದ್ದರಿಂದ ಕೇಸ್ ಶೀಟಿನಲ್ಲಿ ಬರೆದ ಪ್ರತಿ ಸಾಲಿಗೂ ಈಗ ಇನ್ನಷ್ಟು ತೂಕ ಬಂದಿದೆ.

ತಪ್ಪು ಕಲ್ಪನೆ 3: ‘ಕಣ್ಣಿನ ಪಾಪೆ ಅರಳಿತು, ಎಣ್ಣಿ ವಿಷ ಇಳೀತು’

ಬೆಳೆಗೆ ಹೊಡೆಯುವ ಕೀಟನಾಶಕವನ್ನು ಈ ಕಡೆ ‘ಎಣ್ಣಿ’ ಎನ್ನುತ್ತಾರೆ. ಆರ್ಗನೋಫಾಸ್ಫೇಟ್ ವರ್ಗದ ವಿಷ ಒಳಗೆ ಹೋದಾಗ ಪಾಪೆ ಸಾಸಿವೆಯಷ್ಟಾಗುತ್ತದೆ, ಜೊಲ್ಲು ಬೆವರು ಸುರಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಟ್ರೋಪಿನ್ನಿನ ಒಂದು ಆಂಪ್ಯೂಲಿನಲ್ಲಿರುವುದು 0.6 ಮಿ.ಗ್ರಾಂ. ಇಲ್ಲಿ ಮೊದಲ ಡೋಸಿಗೇ ಮೂರರಿಂದ ಐದು ಆಂಪ್ಯೂಲ್ ಬೇಕಾಗುತ್ತದೆ, ಗುರಿ ಮುಟ್ಟುವವರೆಗೆ ಐದು ನಿಮಿಷಕ್ಕೊಮ್ಮೆ ಡೋಸು ಇಮ್ಮಡಿಯಾಗುತ್ತದೆ. ಆ ಗುರಿ ಯಾವುದೆಂಬುದರಲ್ಲೇ ತಪ್ಪು ನುಸುಳುವುದು. ಮುಖ್ಯವಾಗಿ ನೋಡಬೇಕಾದದ್ದು ಎದೆಯನ್ನು: ಸ್ಟೆಥಾಸ್ಕೋಪಿನಲ್ಲಿ ಗೊರಗೊರ ಸದ್ದು ಹೋಗಿರಬೇಕು. ಜೊತೆಗೆ ನಾಡಿ 80 ದಾಟಿರಬೇಕು, ಮೇಲಿನ ರಕ್ತದೊತ್ತಡ 80 ದಾಟಿರಬೇಕು, ಕಂಕುಳು ಒಣಗಿರಬೇಕು, ಪಾಪೆ ಸಾಸಿವೆಯಷ್ಟೇ ಉಳಿದಿರಬಾರದು. ಪಾಪೆಯೊಂದನ್ನೇ ನಂಬಿದರೆ ಎರಡು ಕಡೆಯೂ ಮೋಸ: ಎದೆ ಇನ್ನೂ ನೀರಾಗಿರುವಾಗಲೇ ಔಷಧಿ ನಿಲ್ಲಿಸಬಹುದು, ಇಲ್ಲವೇ ಪಾಪೆ ದೊಡ್ಡದಾಗಲೆಂದು ಬೇಕಾದ್ದಕ್ಕಿಂತ ಹೆಚ್ಚು ಸುರಿಯಬಹುದು. ಅಟ್ರೋಪಿನ್ ಹೆಚ್ಚಾದಾಗ ರೋಗಿ ಬಡಬಡಿಸುತ್ತಾನೆ, ಹಾಸಿಗೆ ಕಿತ್ತುಕೊಳ್ಳುತ್ತಾನೆ, ಹೊಟ್ಟೆಯ ಸದ್ದು ನಿಲ್ಲುತ್ತದೆ, ಬೆವರು ನಿಂತು ಮೈ ಕಾದು ಜ್ವರ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬೆವರು ನಿಂತ ದೇಹಕ್ಕೆ ಆ ಜ್ವರವೇ ಎರಡನೆಯ ಕಾಯಿಲೆ.

ಎದೆ ತಿಳಿಯಾಯಿತೆಂದು ಕಣ್ಣು ತೆಗೆಯುವಂತೆಯೂ ಇಲ್ಲ. ಕೊಬ್ಬಿನಲ್ಲಿ ಕರಗಿ ಕುಳಿತ ವಿಷ ಗಂಟೆಗಳ ನಂತರ ಮತ್ತೆ ರಕ್ತಕ್ಕೆ ಬರಬಹುದು. ಒಂದರಿಂದ ನಾಲ್ಕು ದಿನಗಳ ನಡುವೆ, ಮಾತಾಡಿಕೊಂಡಿರುವ ರೋಗಿಯ ಕುತ್ತಿಗೆ ಸ್ನಾಯು ಸೋತು, ಆಮೇಲೆ ಉಸಿರಾಟದ ಸ್ನಾಯು ಸೋಲಬಹುದು. ಅದನ್ನು ಮೊದಲೇ ಹಿಡಿಯಲು ಯಂತ್ರ ಬೇಡ. ‘ದಿಂಬಿನಿಂದ ತಲಿ ಎತ್ತ್ರಿ ನೋಡೋಣ’ ಎಂದು ಪ್ರತಿ ರೌಂಡಿನಲ್ಲಿ ಕೇಳಿದರೆ ಸಾಕು. ನಿನ್ನೆ ಎತ್ತಿದವನು ಇಂದು ಎತ್ತಲಾರದಿದ್ದರೆ ವೆಂಟಿಲೇಟರ್ ಸಿದ್ಧವಿರಬೇಕು.

ತಪ್ಪು ಕಲ್ಪನೆ 4: ‘ಸಲಾಯನ್ ಅಂದ್ರ ಔಷಧಿ ಅಲ್ಲ, ಶಕ್ತಿ’

ಶೇ 5ರ ಗ್ಲುಕೋಸಿನ 500 ಮಿ.ಲೀ. ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ನೂರು ಕ್ಯಾಲರಿಯೂ ಇಲ್ಲ, ಒಂದು ಜೋಳದ ರೊಟ್ಟಿಗಿಂತ ಕಡಿಮೆ. ಬಾಯಲ್ಲಿ ಕುಡಿಯಬಲ್ಲವನಿಗೆ ಆ ಬಾಟಲಿ ಕೊಡುವ ಶಕ್ತಿ ಹೆಚ್ಚೇನಿಲ್ಲ. ತೊಂದರೆ ಮಾತ್ರ ಕೊಡಬಲ್ಲದು. ಹೃದಯ ದುರ್ಬಲವಾದ ಮುದುಕರಿಗೆ ಬೇಗ ಹರಿಸಿದರೆ ಶ್ವಾಸಕೋಶ ತುಂಬಿ ಏದುಸಿರು ಬರುತ್ತದೆ. ಹಾಗಾಗಿ ಹನಿ ಎಣಿಸುವುದು ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ: 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಬೇಕೆಂದರೆ ಗಂಟೆಗೆ 125 ಮಿ.ಲೀ. ಮಿ.ಲೀ.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ಅದು ನಿಮಿಷಕ್ಕೆ ಸುಮಾರು 42 ಹನಿ.

ಸಲಾಯನ್ನೂ ಔಷಧಿಯೇ ಎಂಬುದನ್ನು ಪಕ್ಕದ ಬಳ್ಳಾರಿ ಅತ್ಯಂತ ನೋವಿನ ರೀತಿಯಲ್ಲಿ ನೆನಪಿಸಿತು. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾಗಿ, ಐವರು ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯ ಸರ್ಕಾರ ಆ ಸರಬರಾಜಿನ ಬಳಕೆ ನಿಲ್ಲಿಸಿತು. ಕಾರ್ಖಾನೆಯ ದೋಷಕ್ಕೆ ನರ್ಸು ಏನು ಮಾಡಿಯಾಳು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕಸ, ಮಸುಕು, ಸೋರಿಕೆ ಕಾಣುತ್ತದೆ, ಬ್ಯಾಕ್ಟೀರಿಯಾದ ವಿಷ ಕಾಣುವುದಿಲ್ಲ. ಆದರೂ ಅವಳ ಕೈಯಲ್ಲಿ ಎರಡು ಕೆಲಸಗಳಿವೆ. ಡ್ರಿಪ್ ಶುರುವಾದ ಮೇಲೆ ಚಳಿ ನಡುಕ, ಜ್ವರ, ಇಳಿಯುವ ರಕ್ತದೊತ್ತಡ, ಕಡಿಮೆಯಾಗುವ ಮೂತ್ರವನ್ನು ಗುರುತಿಸಿ ಬಾಟಲಿ ತೆಗೆದು, ಎಸೆಯದೆ ಇಟ್ಟುಕೊಳ್ಳುವುದು ಒಂದು. ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುವುದು ಇನ್ನೊಂದು. ಆ ನಂಬರ್ ಇದ್ದರೆ ಎರಡನೆಯ ರೋಗಿಗೆ ಹೀಗಾದಾಗಲೇ ಇಬ್ಬರ ನಡುವಿನ ಎಳೆ ಕಾಣುತ್ತದೆ. ಭಾರತದ ಔಷಧ ಜಾಗೃತಿ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಔಷಧಿಯಿಂದ ಆಗಿರಬಹುದಾದ ತೊಂದರೆಯನ್ನು ಅದಕ್ಕೆ ತಿಳಿಸಲು ಡಾಕ್ಟರೇ ಆಗಬೇಕಿಲ್ಲ, ನರ್ಸೂ ತಿಳಿಸಬಹುದು. ಉಚಿತ ಸಹಾಯವಾಣಿ 1800-180-3024. ಖಾತ್ರಿಯಾದ ಮೇಲೆ ತಿಳಿಸೋಣ ಎಂದು ಕಾಯಬೇಕಿಲ್ಲ, ಅನುಮಾನವೇ ಸಾಕು.

ತಪ್ಪು ಕಲ್ಪನೆ 5: ‘ಡಾಕ್ಟ್ರು ಬರದದ್ದನ್ನ ಕೇಳಬಾರದು, ತಪ್ಪಾದ್ರ ಹೇಳಬಾರದು’

ಆರ್ಡರನ್ನು ಪ್ರಶ್ನಿಸುವುದು ಅವಿಧೇಯತೆ ಎಂಬ ಭಯ ವಿದ್ಯಾರ್ಥಿಗಳಲ್ಲಿ ಸಹಜ. ಆದರೆ ಡಾಕ್ಟರ್ ಆರ್ಡರ್ ಬರೆದದ್ದು ಬೆಳಿಗ್ಗೆಯ ರೋಗಿಯನ್ನು ನೋಡಿ, ನೀವು ಸೂಜಿ ಹಿಡಿದು ನಿಂತಿರುವುದು ಮಧ್ಯಾಹ್ನದ ರೋಗಿಯ ಮುಂದೆ. ನಡುವೆ ಬದಲಾದದ್ದನ್ನು ಕಂಡವರು ನೀವೊಬ್ಬರೇ. ‘ಡಾಕ್ಟ್ರೇ, ಮೊಣಕಾಲು ಜಿಗಿತಾ ಇಲ್ಲ, ಉಸಿರು 12 ಆಗೇದ, ಡೋಸ್ ತಡದೀನ್ರೀ, ಬಂದು ನೋಡ್ರಿ’ ಎಂಬ ಮಾತಿನಲ್ಲಿ ಅಹಂಕಾರವಿಲ್ಲ, ಡಾಕ್ಟರಿಗೆ ಬೇಕಾದ ಮಾಹಿತಿಯಿದೆ. ತಪ್ಪು ಮುಚ್ಚಿಡುವುದೂ ಅಷ್ಟೇ ದುಬಾರಿ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ‘ಟು ಎರ್ ಈಸ್ ಹ್ಯೂಮನ್’ ವರದಿಯಾಗಲಿ, 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರಂಭಿಸಿದ ‘ಮೆಡಿಕೇಶನ್ ವಿದೌಟ್ ಹಾರ್ಮ್’ ಅಭಿಯಾನವಾಗಲಿ ಒತ್ತಿ ಹೇಳಿದ್ದು ಒಂದೇ: ಹೆಚ್ಚಿನ ತಪ್ಪುಗಳ ಬೇರು ಒಬ್ಬರ ಅಲಕ್ಷ್ಯದಲ್ಲಿಲ್ಲ, ಕೆಲಸದ ಏರ್ಪಾಡಿನಲ್ಲಿದೆ. ಒಂದೇ ತರಹ ಕಾಣುವ ಎರಡು ಆಂಪ್ಯೂಲುಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟಿದ್ದರೆ, ಇಂದು ತಪ್ಪಿದವರನ್ನು ಬೈದು ಸುಮ್ಮನಾದರೆ ನಾಳೆ ಇನ್ನೊಬ್ಬರು ತಪ್ಪುತ್ತಾರೆ. ತಪ್ಪು ಹೊರಗೆ ಬಂದರೆ ಡಬ್ಬಿ ಬೇರೆಯಾಗುತ್ತದೆ, ಮತ್ತು ಈ ರೋಗಿಗೆ ಪ್ರತಿಮದ್ದು ಸಕಾಲಕ್ಕೆ ಸಿಗುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ವಾರ್ಡು ತುಂಬಿದೆ, ಕೈಗಳು ಕಡಿಮೆ, ಎಲ್ಲರನ್ನೂ ಕಾಯುವುದು ಹೇಗೆ? ನರ್ಸುಗಳ ಕೊರತೆ ತುಂಬಬೇಕಾದದ್ದು ಸರ್ಕಾರದ, ಆಡಳಿತದ ಕರ್ತವ್ಯ, ಆ ಹೊರೆಯನ್ನು ವಿದ್ಯಾರ್ಥಿಯ ಆತ್ಮಸಾಕ್ಷಿಯ ಮೇಲೆ ಹಾಕುವುದು ಅನ್ಯಾಯ. ಆದರೆ ಕೈ ಕಡಿಮೆಯಿದ್ದಾಗಲೇ ಯಾರನ್ನು ಮೊದಲು ನೋಡಬೇಕೆಂಬ ವಿವೇಕ ಹೆಚ್ಚು ಬೇಕು. ಪ್ಯಾರಾಸಿಟಮಾಲ್ ನುಂಗಿದವನನ್ನೂ ಮೆಗ್ನೀಸಿಯಂ ಪಡೆದವಳನ್ನೂ ಸಮವಾಗಿ ಕಾಯಬೇಕಿಲ್ಲ. ಉಸಿರು ಎಣಿಸಲು ಒಂದು ನಿಮಿಷ, ಮೊಣಕಾಲು ತಟ್ಟಲು ಹತ್ತು ಸೆಕೆಂಡು, ತಲೆ ಎತ್ತಿಸಲು ಐದು ಸೆಕೆಂಡು ಸಾಕು. ಮಂಚದ ಪಕ್ಕ ಕುಳಿತ ತಾಯಿಗೆ, ಗಂಡನಿಗೆ ‘ಹಿಂಗಾದ್ರ ಓಡಿ ಬಂದು ಹೇಳ್ರಿ’ ಎಂದು ಅವರ ಮಾತಿನಲ್ಲೇ ತಿಳಿಸಿದರೆ ಇನ್ನೆರಡು ಕಣ್ಣು ಸಿಗುತ್ತವೆ.

ರಾಯಚೂರಿನ ನರ್ಸಿಂಗ್ ವಿದ್ಯಾರ್ಥಿಗಳೇ, ಚಾರ್ಟಿನಲ್ಲಿ ‘ಕೊಡಲಾಯಿತು’ ಎಂದು ಸಹಿ ಹಾಕಿದ ಮೇಲೆ ಇನ್ನೊಂದು ಸಾಲು ಬರೆಯುವ ರೂಢಿ ಮಾಡಿಕೊಳ್ಳಿ: ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ನೋಡಿದಿರಿ, ಏನು ಕಂಡಿತು. ಆ ಎರಡನೆಯ ಸಾಲಿಲ್ಲದ ಡೋಸು ಅರ್ಧ ಕೊಟ್ಟ ಡೋಸು.