ನೀಳಗೂದಲಿಗೆ ಕತ್ತರಿ

ನೇರವಾದ ನೀಳಗೂದಲನ್ನು ಕತ್ತರಿಸಿಕೊಳ್ಳುವೆನೆಂದು ಮಗಳು ಹೇಳಿದರೆ ಮನೆಯ ಹಿರಿಯರು ಕಳವಳಪಡುವುದು ಸಹಜವೇ. ಬೇಡವೆನ್ನುವುದಕ್ಕೆ ಮೊದಲು ಕೆಲವು ಸಂಗತಿಗಳನ್ನು ವಿಚಾರಿಸೋಣ.

1963ರಲ್ಲಿ ಲಂಡನ್ ನಗರದ ಕೇಶಕಲಾವಿದ ವಿಡಾಲ್ ಸಸೂನರು ನಟಿ ನ್ಯಾನ್ಸಿ ಕ್ವಾನರ ನೀಳವಾದ ನೇರಗೂದಲನ್ನು ಗದ್ದದ ಮಟ್ಟಕ್ಕೆ ಕತ್ತರಿಸಿದರು. ಸುರುಳಿ ಪಿನ್ನುಗಳ ಹಂಗಿಲ್ಲದೆ, ಕತ್ತರಿಯ ಗೆರೆಯಿಂದಲೇ ಆಕಾರವು ನಿಲ್ಲಬೇಕೆಂಬುದು ಅವರ ಸೂತ್ರ. ನೇರಗೂದಲು ಇದಕ್ಕೆ ಅನುಕೂಲವೇ. ಆದರೆ ಅದು ತಪ್ಪನ್ನು ಮರೆಮಾಡದು. ಗೆರೆಯು ಕೊಂಚ ಓರೆಯಾದರೂ ಎದ್ದು ಕಾಣುವುದು. ಆದುದರಿಂದ ನುರಿತ ಕೈಯನ್ನೇ ಆರಿಸತಕ್ಕದ್ದು. ಒದ್ದೆಗೂದಲು ಒಣಗಿದಾಗ ಮೇಲೇರುವುದುಂಟು. ಬೇಕಾದುದಕ್ಕಿಂತ ಒಂದಂಗುಲ ಉದ್ದವಾಗಿಯೇ ಬಿಡಿಸಿರಿ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುವುದರಿಂದ, ಗೆರೆ ಕೆಡದಿರಲು 6ರಿಂದ 8 ವಾರಗಳಿಗೊಮ್ಮೆ ತುದಿಯನ್ನು ಸವರಿಸಬೇಕು. ಸವರಿದರೆ ಬೇಗ ಬೆಳೆಯುವುದೆಂಬ ಮಾತು ನಿಜವಲ್ಲ; ಬೆಳವಣಿಗೆಯಿರುವುದು ಬುಡದಲ್ಲಿ, ತುದಿಯಲ್ಲಲ್ಲ.

48 ಸೆಂಟಿಮೀಟರು ಜಡೆಯನ್ನು ಕಳೆದರೆ ಅದು ಮರಳಿ ಬರಲು ಸುಮಾರು 4 ವರ್ಷ ಬೇಕು. ಇದನ್ನು ಮಗಳಿಗೆ ತಿಳಿಯಹೇಳಿ, ತೀರ್ಮಾನವನ್ನು ಅವಳಿಗೇ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ತಲೆ ಅವಳದಲ್ಲವೆ?