ಎರಡನೇ ಸಲದ ಡೆಂಗಿ

ಮಂಗಳೂರಿನ ಬಳಿ ವಾಮಂಜೂರಿನ ಪಿಲಿಕುಳಕ್ಕೆ ಆ ಹೆಸರು ಬಂದದ್ದು ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದವು ಎಂಬ ಕೊಳದಿಂದ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಈಗ ಅಲ್ಲಿ ಹುಲಿ ನೋಡಬೇಕಾದರೆ ಟಿಕೆಟ್ ತೆಗೆದುಕೊಂಡು ಮೃಗಾಲಯದ ಒಳಗೆ ಹೋಗಬೇಕು. ಟಿಕೆಟ್ ಇಲ್ಲದೆಯೂ ಕಾಣಸಿಗುವ ಪಟ್ಟೆಯ ಜೀವಿ ಇನ್ನೊಂದುಂಟು. ಮಳೆ ಹಿಡಿದು ನಡುವೆ ಒಂದು ವಾರ ಹೊಳವಾದರೆ ಸಾಕು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮಗುಚಿ ಹಾಕದ ತೆಂಗಿನ ಚಿಪ್ಪು, ರಬ್ಬರ್ ಮರಕ್ಕೆ ಕಟ್ಟಿದ ಬಟ್ಟಲು, ಎಲ್ಲೆಲ್ಲಿ ಅಂಗೈಯಷ್ಟು ನೀರು ನಿಂತಿದೆಯೋ ಅಲ್ಲೆಲ್ಲ ಅದು ಹುಟ್ಟುತ್ತದೆ. ಕಪ್ಪು ಮೈ, ಕಾಲಿಗೆ ಬಿಳಿ ಬಳೆ, ಬೆನ್ನ ನಡುವೆ ಒಂದೇ ಒಂದು ಬಿಳಿ ಗೆರೆ. ಈಡಿಸ್ ಆಲ್ಬೊಪಿಕ್ಟಸ್ ಎಂಬ ಈ ಉಮಿಲಿಗೆ, ಎಂದರೆ ಸೊಳ್ಳೆಗೆ, ಜಗತ್ತಿನ ಕೀಟಶಾಸ್ತ್ರಜ್ಞರು ಇಟ್ಟಿರುವ ಅಡ್ಡಹೆಸರು ಏಷ್ಯಾದ ಹುಲಿ ಸೊಳ್ಳೆ. ಪೇಟೆಯ ಒಳಗೆ ಇದರ ದಾಯಾದಿ ಈಡಿಸ್ ಈಜಿಪ್ಟೈಯ ಕಾರುಬಾರು. ಎರಡೂ ಹಗಲು ಕಚ್ಚುತ್ತವೆ, ಎರಡೂ ಡೆಂಗಿ ಹರಡುತ್ತವೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಮರಿ ಸಾಕುವ ಮನೆಗೆ ಪಟ್ಟಣದಲ್ಲಾದರೆ 400, ಹಳ್ಳಿಯಲ್ಲಾದರೆ 200 ರೂಪಾಯಿ ದಂಡ ಎಂದಿತು. ಪಟ್ಟಣದ ಸೊಳ್ಳೆಗೆ ಬೆಲೆ ಜಾಸ್ತಿ.

2019ರ ಮಳೆಗಾಲವನ್ನು ಮಂಗಳೂರಿನವರು ಮರೆತಿಲ್ಲ. ಗುಜ್ಜರಕೆರೆಯ ಆಸುಪಾಸಿನಲ್ಲಿ ಮನೆಮನೆಗೆ ಜ್ವರ. ಅಂಥ ದಿನಗಳಲ್ಲಿ ಊರಿಗೆಲ್ಲ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟುಂಟು?" ಒಂದು ಲಕ್ಷ ಎಂದರೆ ನಿಟ್ಟುಸಿರು, ಐವತ್ತು ಸಾವಿರ ಎಂದರೆ ಪಪ್ಪಾಯಿ ಎಲೆಗೆ ಓಟ. ಲ್ಯಾಬಿನ ಅದೇ ಚೀಟಿಯಲ್ಲಿ ಬಿಳಿ ರಕ್ತಕಣಗಳ ಲೆಕ್ಕವೂ ಇರುತ್ತದೆ. ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಬ್ಯಾಕ್ಟೀರಿಯಾ ಸೋಂಕಾದರೆ ಸಾಮಾನ್ಯವಾಗಿ ಈ ಕಣಗಳ ಸಂಖ್ಯೆ ಏರುತ್ತದೆ. ಡೆಂಗಿಯಲ್ಲಿ ಇಳಿಯುತ್ತದೆ, ಅದೂ ಹೆಚ್ಚಿನವರಲ್ಲಿ ಪ್ಲೇಟ್‌ಲೆಟ್ ಕುಸಿಯುವುದಕ್ಕೂ ಮೊದಲು. ದೇಹ ಕಾಯಬೇಕಾದ ಈ ಕಣಗಳ ನಡುವೆಯೇ ಏನೋ ಎಡವಟ್ಟಾಗಿದೆ ಎಂಬುದಕ್ಕೆ ಸಿಗುವ ಮೊದಲ ಸುಳಿವುಗಳಲ್ಲಿ ಇದೂ ಒಂದು.

ಸೊಳ್ಳೆ ವೈರಸ್ಸನ್ನು ಬಿಟ್ಟುಹೋಗುವುದು ಮುಖ್ಯವಾಗಿ ಚರ್ಮದಲ್ಲಿ. ಅಲ್ಲಿ ಡೆಂಡ್ರೈಟಿಕ್ ಕೋಶಗಳೆಂಬ ಕಾವಲಿನವು ಇರುತ್ತವೆ. ಸಿಕ್ಕ ಕಳ್ಳನನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಉಳಿದ ಕೋಶಗಳಿಗೆ ಗುರುತು ತೋರಿಸುವುದು ಅವುಗಳ ಕೆಲಸ. ಡೆಂಗಿ ವೈರಸ್‌ಗೆ ಬೇಕಾದದ್ದೂ ಆ ಪ್ರಯಾಣವೇ. ಹಿಡಿದವನ ಒಳಗೇ ಸೇರಿಕೊಂಡು ಅದು ಗ್ರಂಥಿಗೆ ಬರುತ್ತದೆ. ಅಲ್ಲಿಂದ ಮುಂದೆ ಮೊನೊಸೈಟ್ ಮತ್ತು ಮ್ಯಾಕ್ರೊಫೇಜ್‌ಗಳ ಸರದಿ. ಮ್ಯಾಕ್ರೊಫೇಜ್ ಹೊಟ್ಟೆಬಾಕ ಕೋಶ. ಎದುರಾದದ್ದನ್ನು ಒಂದು ಚೀಲದಲ್ಲಿ ಸುತ್ತಿ ಒಳಗೆಳೆದು, ಆ ಚೀಲಕ್ಕೆ ಹುಳಿ, ಎಂದರೆ ಆಮ್ಲ, ತುಂಬಿ ಅರಗಿಸುತ್ತದೆ. ಡೆಂಗಿ ವೈರಸ್ಸು ಸುಮಾರು 50 ನ್ಯಾನೋಮೀಟರಿನ ಗುಂಡು. ಅದರ ಹೊರಗವಚದ ಪ್ರೋಟೀನುಗಳು ಹುಳಿ ಏರುವವರೆಗೆ ಮಲಗಿರುತ್ತವೆ. ಹುಳಿ ತಗಲಿದ್ದೇ ತಡ ಎದ್ದು ನಿಂತು ಚೀಲದ ಗೋಡೆಗೆ ಚುಚ್ಚಿಕೊಳ್ಳುತ್ತವೆ. ವೈರಸ್ಸಿನ ಪೊರೆಯೂ ಚೀಲದ ಪೊರೆಯೂ ಬೆಸೆದುಕೊಂಡು, ಸುಮಾರು 11,000 ಅಕ್ಷರಗಳ ಆರ್‌ಎನ್‌ಎ ಎಳೆ ಕೋಶದ ಒಳಕ್ಕೆ ಜಾರುತ್ತದೆ. ಅರಗಿಸಲೆಂದು ಸುರಿದ ಹುಳಿಯೇ ಬೀಗ ತೆರೆದಂತಾಯಿತು.

ಆ ಎಳೆಯಿಂದ ತಯಾರಾಗುವುದು ಹತ್ತೇ ಪ್ರೋಟೀನು. ಅಷ್ಟರಲ್ಲೇ ಎರಡಕ್ಕೆ ಸುದ್ದಿ ಮುಚ್ಚುವ ಕೆಲಸವೂ ಉಂಟು. ಸೋಂಕಾದ ಕೋಶ ಇಂಟರ್‌ಫೆರಾನ್ ಎಂಬ ರಾಸಾಯನಿಕ ಕೂಗು ಹಾಕಬೇಕು, ನೆರೆಯ ಕೋಶಗಳು ಅದನ್ನು ಕೇಳಿಸಿಕೊಂಡು ಬಾಗಿಲು ಭದ್ರಪಡಿಸಿಕೊಳ್ಳಬೇಕು. ವೈರಸ್ಸಿನ ಒಂದು ಪ್ರೋಟೀನು ಕೂಗು ಹೊರಡಿಸುವ ಸ್ಟಿಂಗ್ ಎಂಬ ಅಣುವನ್ನು ತುಂಡರಿಸುತ್ತದೆ. ಇನ್ನೊಂದು, ಕೂಗನ್ನು ಕೇಳಿಸಿಕೊಳ್ಳಲು ಬೇಕಾದ ಸ್ಟ್ಯಾಟ್ 2 ಅಣುವನ್ನು ನಾಶಪಡಿಸುತ್ತದೆ. ಇಲಿಯ ಅಣುಗಳ ಮೇಲೆ ಈ ಎರಡು ಆಟವೂ ನಡೆಯುವುದಿಲ್ಲ. ಪ್ರಯೋಗಾಲಯದ ಸಾಮಾನ್ಯ ಇಲಿಗೆ ಡೆಂಗಿ ಬರಿಸುವುದು ಕಷ್ಟವಾಗಿರುವುದಕ್ಕೆ ಇದೊಂದು ಕಾರಣ.

ಇಷ್ಟೇ ಆಗಿದ್ದರೆ ಡೆಂಗಿ ಉಳಿದ ಜ್ವರಗಳ ಸಾಲಿನಲ್ಲಿ ಒಂದಾಗಿರುತ್ತಿತ್ತು. ಆದರೆ ಈ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಯ ಡೆಂಗಿ ಬಂದುಹೋದರೆ ಅದರ ವಿರುದ್ಧ ರಕ್ಷಣೆ ಬಹುಕಾಲ ಉಳಿಯುತ್ತದೆ. ಉಳಿದ ಮೂರರ ವಿರುದ್ಧ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಕೊಲ್ಲುವಷ್ಟು ಬಿಗಿಯಾಗಿ ಹಿಡಿಯಲಾರವು. ಪ್ರತಿಕಾಯದ ಬಾಲ ಸೌಟಿನ ಹಿಡಿಯಿದ್ದ ಹಾಗೆ. ಅದನ್ನು ಹಿಡಿಯುವ ಕೊಕ್ಕೆಗಳು ಮ್ಯಾಕ್ರೊಫೇಜ್‌ನ ಮೈತುಂಬ ಇವೆ. ಹಿಡಿ ಸಿಕ್ಕಿತೆಂದು ಅದು ಬದುಕಿರುವ ವೈರಸ್ಸನ್ನೇ ಒಳಗೆ ಬಡಿಸಿಕೊಳ್ಳುತ್ತದೆ. ಮೊದಲ ಸಲ ಹತ್ತು ಕೋಶ ಹೊಕ್ಕದ್ದು ಈ ಸಲ ನೂರನ್ನು ಹೊಕ್ಕಂತೆ.

ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ 1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಮಕ್ಕಳ ಡೆಂಗಿಯನ್ನು ಅಭ್ಯಾಸ ಮಾಡುತ್ತಾ ಈ ಜಾಡು ಹಿಡಿದರು. ತೀವ್ರ ಕಾಯಿಲೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಎರಡನೇ ಸೋಂಕು. ಏಳೆಂಟು ತಿಂಗಳ ಹಸುಳೆಗಳು ಮಾತ್ರ ಮೊದಲನೇ ಸಲಕ್ಕೇ ಬಳಲುತ್ತಿದ್ದವು, ಏಕೆಂದರೆ ಹಳೆಯ ಪ್ರತಿಕಾಯ ಅವಕ್ಕೆ ತಾಯಿಯಿಂದಲೇ ಬಂದಿತ್ತು. ಕ್ಯೂಬಾ ಇದಕ್ಕೆ ದೊಡ್ಡ ಸಾಕ್ಷಿ ಒದಗಿಸಿತು. ಅಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತ್ತು, 1981ರಲ್ಲಿ ಎರಡನೇ ಬಗೆ ಬಂತು. ಮೂರು ಲಕ್ಷಕ್ಕೂ ಹೆಚ್ಚು ಮಂದಿಗೆ ಜ್ವರ, 158 ಸಾವು. ಮೊದಲ ಅಲೆ ಮುಗಿದ ಮೇಲೆ ಹುಟ್ಟಿದ ಒಂದೆರಡು ವರ್ಷದ ಮಕ್ಕಳು ಮಾತ್ರ ತೀವ್ರ ಕಾಯಿಲೆಯಿಂದ ಹೆಚ್ಚುಕಡಿಮೆ ಪಾರಾಗಿದ್ದರು.

ಪ್ಲೇಟ್‌ಲೆಟ್ಟಿನ ಕಡೆಗೇ ನೆಟ್ಟ ಕಣ್ಣನ್ನು ಇಲ್ಲಿ ಸ್ವಲ್ಪ ತಿರುಗಿಸಬೇಕು. ಸೋಂಕಾದ ಕೋಶಗಳು ಎನ್‌ಎಸ್ 1 ಎಂಬ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತವೆ. ಮೊದಲ ದಿನಗಳಲ್ಲಿ ಲ್ಯಾಬಿನವರು ಹುಡುಕುವುದು ಅದನ್ನೇ. ಈ ಪ್ರೋಟೀನು ರಕ್ತನಾಳದ ಒಳಪದರವನ್ನು ಸವೆಸುತ್ತದೆ, ಕೆರಳಿದ ರಕ್ಷಣಾ ಕೋಶಗಳು ಸುರಿಸುವ ಸೈಟೊಕೈನು ಎಂಬ ರಾಸಾಯನಿಕಗಳೂ ಜೊತೆಗೂಡುತ್ತವೆ. ನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ಚೀಟಿಯಲ್ಲಿ ಅದು ಪಿಸಿವಿ, ಎಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಏರಿದಂತೆ ಕಾಣುತ್ತದೆ. ಸೋರಿಕೆ ಜೋರಾಗುವುದು ಹೆಚ್ಚಾಗಿ ನಾಲ್ಕೈದನೇ ದಿನ ಜ್ವರ ಬಿಡುವ ಹೊತ್ತಿಗೆ, ಮನೆಯವರು "ಅಬ್ಬ, ಇಳಿಯಿತು" ಎಂದು ಗಂಜಿ ಬಡಿಸುವಾಗ. ಆಗ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು ಕಂಡರೆ ಪ್ಲೇಟ್‌ಲೆಟ್ ಎಷ್ಟೇ ಇದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಲಸಿಕೆ ಮಾಡುವವರಿಗೂ ಈ ಎರಡನೇ ಸಲದ್ದೇ ತಲೆನೋವು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಚುಚ್ಚಲಾಯಿತು. ಅದುವರೆಗೆ ಡೆಂಗಿಯೇ ಬಾರದ ಮಕ್ಕಳಲ್ಲಿ ಆ ಲಸಿಕೆ ಮೊದಲ ಸೋಂಕಿನಂತೆ ವರ್ತಿಸಿ, ಮುಂದೆ ಬರುವ ನಿಜವಾದ ಸೋಂಕನ್ನು ತೀವ್ರಗೊಳಿಸಬಹುದು ಎಂದು 2017ರ ನವೆಂಬರಿನಲ್ಲಿ ತಯಾರಕ ಕಂಪನಿಯೇ ಪ್ರಕಟಿಸಿತು. ಭಾರತದ್ದೇ ಆದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಿಂದ ಶುರುವಾಯಿತು. ನಾಲ್ಕೂ ಬಗೆಗಳು ಅದರಲ್ಲಿವೆ. 10,000ಕ್ಕೂ ಹೆಚ್ಚು ವಯಸ್ಕರನ್ನು ಸೇರಿಸಿಕೊಂಡು, ಒಂದೇ ಚುಚ್ಚು ಕೊಟ್ಟು, ಎರಡು ವರ್ಷ ಅವರ ಮೇಲೆ ಕಣ್ಣಿಡುವುದು ಯೋಜನೆ. ಎರಡು ವರ್ಷ ಎಂದರೆ ಎರಡು ಮಳೆಗಾಲ.