ಸೋಡಚೀಟಿಯ ನಂತರ ಮಕ್ಕಳ ಪಾಡು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇಂದಿಗೂ ಉಳಿದಿದೆ. ಅಂಥ ಮದುವೆ ಮುರಿದರೆ ಮಗುವಿನ ಪಾಲಿಗೆ ಇಡೀ ಬಳಗವೇ ಒಡೆಯುತ್ತದೆ. ಅವ್ವನನ್ನು ಹೆತ್ತ ಆಯಿಯೇ ಅಪ್ಪನಿಗೆ ಒಡಹುಟ್ಟಿದ ಅಕ್ಕನಾಗಿದ್ದರೆ ಆಕೆ ಯಾರ ಪರ ಮಾತಾಡಬೇಕು? ಜಾತ್ರೆ, ಜವಳ, ಮದುವೆಗಳಲ್ಲಿ ಎರಡೂ ಕಡೆಯವರು ಎದುರಾಗುವುದು ತಪ್ಪದು. ವಿಚ್ಛೇದನದ ಬಳಿಕ ಮುಖ ನೋಡದೆ ಇದ್ದುಬಿಡುವ ಅನುಕೂಲ ಇಲ್ಲಿ ಕಡಿಮೆ.

ಮಕ್ಕಳನ್ನು ಹೆಚ್ಚು ಘಾಸಿಗೊಳಿಸುವುದು ಅಗಲಿಕೆಗಿಂತ ಮುಗಿಯದ ಜಗಳ. ವಿಚ್ಛೇದಿತ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಮೇವಿಸ್ ಹೆದರಿಂಗ್ಟನ್ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗಂಭೀರ ತೊಂದರೆ ಉಳಿದದ್ದು ಇಂಥ ಮಕ್ಕಳಲ್ಲಿ ಶೇ. 25ರಷ್ಟು, ಕೂಡಿ ಬಾಳಿದ ಮನೆಗಳಲ್ಲಿ ಶೇ. 10ರಷ್ಟು. ಅಪಾಯ ನಿಜ, ಆದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಸಣ್ಣ ಮಕ್ಕಳು ಬಿಟ್ಟಿದ್ದ ಅಭ್ಯಾಸಕ್ಕೆ ಮರಳಿ ಹಾಸಿಗೆ ಒದ್ದೆ ಮಾಡಬಹುದು. ಶಾಲೆಗೆ ಹೋಗುವವರು ‘ನನ್ನಿಂದಲೇ ಹೀಗಾಯಿತು’ ಎಂದುಕೊಳ್ಳುತ್ತಾರೆ. ಹರೆಯದವರ ದುಃಖ ಸಿಟ್ಟಾಗಿ ಹೊರಬೀಳುತ್ತದೆ. ಸೂಟಿಗೆ ಅಪ್ಪನ ಊರಿಗೆ ಹೋಗಿ ಬಂದ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ, “ನಿಮ್ಮಪ್ಪ ಏನಂದಾ? ಮನ್ಯಾಗ ಯಾರ್ಯಾರು ಇದ್ರು?” ಎಂದು ಕೆದಕಿದರೆ ಅವನು ಎರಡೂ ಕಡೆ ಅರ್ಧರ್ಧ ಹೇಳುವುದನ್ನು ಕಲಿಯುತ್ತಾನೆ. ಅದನ್ನು ಹಿರಿಯರು ಜಾಣತನವೆಂದು ಹೊಗಳುವುದೂ ಉಂಟು! ಹಾಗೆ ಕೆದಕುವ ಬದಲು “ಉಂಡೇನಪಾ?” ಎಂದು ಒಳಗೆ ಕರೆದರೆ ಅವನ ಅರ್ಧ ಭಾರ ಇಳಿಯುತ್ತದೆ.

ಹಿರಿಯರು ಕೂಡಿ ಛಾಪಾ ಕಾಗದದ ಮೇಲೆ ಬರೆಸುವ ಸೋಡಚೀಟಿಗೆ, ಅಂದರೆ ವಿಚ್ಛೇದನ ಪತ್ರಕ್ಕೆ, ಸಾಮಾನ್ಯವಾಗಿ ಕಾನೂನಿನ ಬಲವಿಲ್ಲ. ಸಮುದಾಯದಲ್ಲಿ ಅಂಥ ರೂಢಿ ಇತ್ತೆಂದು ಸಾಬೀತಾದರಷ್ಟೇ 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ಒಪ್ಪುತ್ತದೆ. ‘ಇನ್ನು ಏನೂ ಕೇಳುವುದಿಲ್ಲ’ ಎಂದು ತಾಯಿ ಸಹಿ ಹಾಕಿದರೂ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಂತೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ಆದರೆ ಎಲ್ಲಕ್ಕಿಂತ ಮೊದಲು ನೋಡುವುದು ಮಗುವಿನ ಹಿತ. ಮಗು ಜೊತೆಗಿಲ್ಲದ ಪಾಲಕರಿಗೆ ದಿನವೂ ಐದು-ಹತ್ತು ನಿಮಿಷ ಅದರೊಡನೆ ಮಾತಾಡುವ ಹಕ್ಕಿರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ದುಡಿಯಲು ಪುಣೆಗೋ ಗೋವಾಕ್ಕೋ ಹೋದ ಅಪ್ಪಂದಿರಿಗೆ ಇದು ದೊಡ್ಡ ಮಾತು: ತಿಂಗಳಿಗೊಮ್ಮೆ ತರುವ ಆಟಿಗೆಗಿಂತ ದಿನದ ಫೋನು ಮಗುವಿಗೆ ಹೆಚ್ಚು ಆಸರೆ.

ತಾಯಿ ಮರುಮದುವೆಯಾದಾಗ ಮಗುವನ್ನು ಆಯಿ-ಮುತ್ಯಾರ ಬಳಿ ಬಿಡುವುದುಂಟು. ಅದು ತಪ್ಪೇನಲ್ಲ. ಆದರೆ ಸುದ್ದಿಯನ್ನು ತಾಯಿಯೇ ಮೊದಲು ಹೇಳಬೇಕು, ನೋಡಲು ಬರುವ ದಿನ ತಪ್ಪಿಸಬಾರದು. ಇವೆಲ್ಲಕ್ಕೂ ಪಾಲಕರ ಮನಸ್ಸು ನೆಟ್ಟಗಿರಬೇಕಲ್ಲ? ತವರಿಗೆ ಮರಳಿದ ಹೆಣ್ಣಿನ ನಿದ್ದೆಗೆಟ್ಟ ರಾತ್ರಿಗಳನ್ನೂ, ಕುಡಿತಕ್ಕೆ ಬಿದ್ದ ಗಂಡಸಿನ ಕೊರಗನ್ನೂ ಕಾಯಿಲೆಯೆಂದು ಎಣಿಸುವವರು ಕಡಿಮೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣಲು ರಾಜ್ಯದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತವಾಗಿ ಸಿಗುತ್ತದೆ.